ಮೋಟಾರ್ ಸೈಕಲ್ಲಿನಲ್ಲಿ ವಿದ್ಯುತ್ತಿನ ಹಂಚಿಕೆ

ಬಾದಾಮಿ, ಹುನಗುಂದ, ಇಲಕಲ್ಲುಗಳ ನಡುವಣ ಗುಡೂರಿನಂತಹ ಊರುಗಳಲ್ಲಿ ಇಂದು ಮೋಟಾರ್ ಸೈಕಲ್ಲು ಭೋಗವಸ್ತುವಲ್ಲ. ರೈತನಿಗೆ, ನೇಕಾರನಿಗೆ, ಕಾಲೇಜಿಗೆ ಹೋಗುವ ವಿದ್ಯಾರ್ಥಿಗೆ ಅದು ನಿತ್ಯದ ಸಾಧನ. ಕೊಂಡ ಕೆಲವೇ ದಿನಗಳಲ್ಲಿ ಅದಕ್ಕೆ ಒಂದೊಂದೇ ಉಪಕರಣ ಸೇರತೊಡಗುತ್ತದೆ: ಫೋನಿಗೆ ಚಾರ್ಜರು, ಕತ್ತಲಲ್ಲಿ ನೆರವಾಗುವ ಜೋಡಿ ದೀಪಗಳು, ಇನ್ನೊಂದು ಹಾರ್ನು. ಇವೆಲ್ಲಕ್ಕೂ ವಿದ್ಯುತ್ತು ಬೇಕು. ಅದನ್ನು ಎಲ್ಲಿಂದ, ಯಾವ ಮಾರ್ಗವಾಗಿ ಒಯ್ಯಬೇಕೆಂಬುದನ್ನು ಆಲೋಚಿಸುವವರು ವಿರಳ. ಮಾರ್ಗ ತಪ್ಪಾದರೆ ನಡುದಾರಿಯಲ್ಲಿ ಹೆಡ್‌ಲೈಟು ಆರಬಹುದು. ತಂತಿ ಕಾದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿಯೇ ಬೆಂಕಿ ಹತ್ತಬಹುದು. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರು ನಿಂತಿರಬಹುದಾದ ರಸ್ತೆಯಲ್ಲಿ ದೀಪವಾರುವುದು ಸಣ್ಣ ಮಾತಲ್ಲ. ಆದುದರಿಂದ ಈ ವಿಷಯವನ್ನು ಕ್ರಮವಾಗಿ ವಿಚಾರ ಮಾಡೋಣ.

ಆಯವ್ಯಯದ ಲೆಕ್ಕ

ಎಂಜಿನು ತಿರುಗುವಾಗ ಅದಕ್ಕೆ ಜೋಡಿಸಿದ ಆಲ್ಟರ್ನೇಟರು ವಿದ್ಯುತ್ತನ್ನು ಉತ್ಪಾದಿಸುತ್ತದೆ. ಅದು ಪರ್ಯಾಯ ಪ್ರವಾಹ. ರೆಗ್ಯುಲೇಟರ್-ರೆಕ್ಟಿಫೈಯರ್ ಎಂಬ ಸಾಧನವು ಅದನ್ನು ಏಕಮುಖ ಪ್ರವಾಹವನ್ನಾಗಿ ಮಾರ್ಪಡಿಸಿ, ಸುಮಾರು 14 ವೋಲ್ಟಿಗೆ ಮಿತಗೊಳಿಸಿ, 12 ವೋಲ್ಟಿನ ಬ್ಯಾಟರಿಗೆ ತುಂಬುತ್ತದೆ. ಬ್ಯಾಟರಿಯು ಕೆರೆಯಾದರೆ ಆಲ್ಟರ್ನೇಟರು ಅದಕ್ಕೆ ನೀರು ತರುವ ಹಳ್ಳ. ಹಳ್ಳದ ಒಳಹರಿವಿಗಿಂತ ತೂಬಿನ ಹೊರಹರಿವು ಹೆಚ್ಚಾದರೆ ಕೆರೆ ಬತ್ತಲೇಬೇಕು.

ಒಂದು ವಾಹನದ ಆಲ್ಟರ್ನೇಟರು ಸವಾರಿಯ ವೇಗದಲ್ಲಿ 160 ವಾಟು ಕೊಡುತ್ತದೆಂದು ಭಾವಿಸೋಣ. ಇಗ್ನಿಷನ್, ಇಂಧನದ ಪಂಪು, ಹೆಡ್‌ಲೈಟು, ಹಿಂದೀಪ ಇವೆಲ್ಲ ಸೇರಿ 90 ವಾಟು ವೆಚ್ಚವಾಗಲಿ. ಉಳಿಯುವುದು 70 ವಾಟು. ಆದರೆ ಎಂಜಿನು ನಿಧಾನವಾಗಿ ತಿರುಗುವಾಗ ಉತ್ಪತ್ತಿ ಬಹಳ ತಗ್ಗುತ್ತದೆ. ಸಂತೆಯ ದಟ್ಟಣೆಯಲ್ಲಿ ನಿಂತು ನಿಂತು ಸಾಗುವ ವಾಹನವು ಬ್ಯಾಟರಿಯನ್ನು ಕರಗಿಸುತ್ತಿರುತ್ತದೆ. ಅದನ್ನು ಮರಳಿ ತುಂಬಲು 30 ವಾಟನ್ನಾದರೂ ಮೀಸಲಿಡಬೇಕು. ನಮ್ಮ ಕೈಗೆ ನಿಜವಾಗಿ ದೊರೆಯುವುದು 40 ವಾಟು ಮಾತ್ರ.

15 ವಾಟಿನ ಚಾರ್ಜರು ಮತ್ತು 20 ವಾಟಿನ ಎರಡು ದೀಪಗಳು ಒಟ್ಟು 55 ವಾಟನ್ನು ಬೇಡುತ್ತವೆ, ಇದು ಸಲ್ಲದು. 10 ವಾಟಿನ ಎರಡು ಎಲ್‌ಇಡಿ ದೀಪಗಳಾದರೆ ಮೊತ್ತ 35 ವಾಟು, ಇದು ಸಲ್ಲುತ್ತದೆ. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟು ಎಂಜಿನಿನೊಡನೆ ತಾನಾಗಿಯೇ ಉರಿಯುತ್ತಿರಬೇಕೆಂಬ ನಿಯಮ ಬಂದಿದೆ. ಹಗಲಿನಲ್ಲಿ ದೀಪ ಆರಿಸಿ ಉಳಿತಾಯ ಮಾಡುವ ಅವಕಾಶ ಈ ವಾಹನಗಳಲ್ಲಿ ಇಲ್ಲವೆಂಬುದನ್ನು ಲೆಕ್ಕ ಹಾಕುವಾಗ ಮರೆಯಲಾಗದು.

ಆರು ವೋಲ್ಟಿನಿಂದ ಹನ್ನೆರಡಕ್ಕೆ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯು 1961ರಿಂದ 1996ರವರೆಗೆ ನಡೆಯಿತು. ಅಲ್ಲಿ ತಯಾರಾದ ಜಾವಾ ವಾಹನಗಳ ವಿದ್ಯುದ್ವ್ಯವಸ್ಥೆ 6 ವೋಲ್ಟಿನದು. ಇಂದಿನ ವಾಹನಗಳು 12 ವೋಲ್ಟನ್ನು ಏಕೆ ಆಶ್ರಯಿಸಿವೆ ಎಂಬುದನ್ನು ಸುಲಭವಾದ ಗಣಿತದಿಂದ ತಿಳಿಯಬಹುದು.

ವಾಟನ್ನು ವೋಲ್ಟಿನಿಂದ ಭಾಗಿಸಿದರೆ ಆಂಪಿಯರು ದೊರೆಯುತ್ತದೆ. 40 ವಾಟಿನ ದೀಪಕ್ಕೆ 12 ವೋಲ್ಟಿನಲ್ಲಿ 3.3 ಆಂಪಿಯರು ಸಾಕು. 6 ವೋಲ್ಟಿನಲ್ಲಿ 6.7 ಆಂಪಿಯರು ಬೇಕು. ಒಂದು ಚದರ ಮಿಲಿಮೀಟರ್ ದಪ್ಪದ, ಒಂದು ಮೀಟರ್ ಉದ್ದದ ತಾಮ್ರದ ತಂತಿಯ ರೋಧ ಸುಮಾರು 0.0175 ಓಮ್. ಅರ್ಧ ಚದರ ಮಿಲಿಮೀಟರಿನ ತಂತಿಯು ಹೋಗಿ ಬರುವ ದಾರಿ ಸೇರಿ 3 ಮೀಟರ್ ಇದ್ದರೆ, ಅದರ ರೋಧ 0.105 ಓಮ್ ಆಗುತ್ತದೆ. 12 ವೋಲ್ಟಿನ ವ್ಯವಸ್ಥೆಯಲ್ಲಿ ಈ ತಂತಿಯಲ್ಲಿಯೇ 0.35 ವೋಲ್ಟು ನಷ್ಟವಾಗುತ್ತದೆ. ಇದು ನೂರಕ್ಕೆ ಸುಮಾರು 3. ಆರು ವೋಲ್ಟಿನದರಲ್ಲಿ ನಷ್ಟ 0.70 ವೋಲ್ಟು, ಎಂದರೆ ನೂರಕ್ಕೆ ಸುಮಾರು 12. ವೋಲ್ಟು ಅರ್ಧವಾದರೆ ನಷ್ಟದ ಪ್ರಮಾಣ ನಾಲ್ಮಡಿಯಾಯಿತು! ತಂತುದೀಪದ ಬೆಳಕು ವೋಲ್ಟಿಗಿಂತ ಬಹು ಬೇಗನೆ ಕುಂದುವುದರಿಂದ, ನೂರಕ್ಕೆ 12ರಷ್ಟು ವೋಲ್ಟು ತಗ್ಗಿದರೆ ಬೆಳಕಿನ ಮೂರನೆಯ ಒಂದು ಭಾಗವೇ ಹೋದಂತೆ. ಹಳೆಯ ಜಾವಾಕ್ಕೆ ಹೊಸ ದೀಪ ಕೂಡಿಸುವವರು ದಪ್ಪ ತಂತಿಯನ್ನೇ ಬಳಸಬೇಕೆನ್ನುವುದಕ್ಕೆ ಇದೇ ಕಾರಣ.

ನಾಲ್ಕು ಮಾರ್ಗಗಳು

ಮೊದಲನೆಯದು, ವಾಹನದಲ್ಲಿ ಈಗಾಗಲೇ ಇರುವ ಯಾವುದೋ ತಂತಿಯನ್ನು ಕೆರೆದು ಹೊಸ ತಂತಿಯನ್ನು ಸುತ್ತುವುದು. ಇದಕ್ಕೆ ಖರ್ಚಿಲ್ಲ. ಆದರೆ ಆ ತಂತಿಯೂ ಅದರ ಫ್ಯೂಸೂ ತಮ್ಮ ಮೂಲ ಕೆಲಸಕ್ಕಷ್ಟೇ ಅಳೆದು ಮಾಡಿದವು. ಹೆಡ್‌ಲೈಟಿನ ತಂತಿಗೆ ಕಟ್ಟಿದ ಚಾರ್ಜರು ಕೆಟ್ಟರೆ, ಸುಡುವುದು ಹೆಡ್‌ಲೈಟಿನ ಫ್ಯೂಸು. ಒಂದರ ದೋಷಕ್ಕೆ ಇನ್ನೊಂದು ದಂಡ ತೆರುತ್ತದೆ.

ಎರಡನೆಯದು, ಪ್ರತಿಯೊಂದು ಉಪಕರಣಕ್ಕೂ ಬ್ಯಾಟರಿಯಿಂದ ನೇರವಾಗಿ, ಅದರದೇ ಫ್ಯೂಸಿನೊಡನೆ ತಂತಿ ಎಳೆಯುವುದು. ಉಪಕರಣ ಒಂದೇ ಆದರೆ ಇದು ಯೋಗ್ಯ. ಮೂರು ನಾಲ್ಕಾದರೆ ಬ್ಯಾಟರಿಯ ಮೊಳೆಯ ಮೇಲೆ ತಂತಿಗಳ ಗೊಂಚಲೇ ಬೆಳೆಯುತ್ತದೆ. ಇದಲ್ಲದೆ ಕೀಲಿ ತೆಗೆದರೂ ಪ್ರವಾಹ ನಿಲ್ಲುವುದಿಲ್ಲ. ಸುಮ್ಮನಿರುವ ಚಾರ್ಜರು 0.01 ಆಂಪಿಯರು ಮಾತ್ರ ಹೀರಿದರೂ ದಿನಕ್ಕೆ 0.24 ಆಂಪಿಯರ್-ಗಂಟೆ ಸೋರಿಹೋಗುತ್ತದೆ. 5 ಆಂಪಿಯರ್-ಗಂಟೆಯ ಬ್ಯಾಟರಿ ಹತ್ತು ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ.

ಮೂರನೆಯದು, ರಿಲೇ ಮತ್ತು ಫ್ಯೂಸು ಪೆಟ್ಟಿಗೆ. ಬ್ಯಾಟರಿಯಿಂದ ಒಂದೇ ದಪ್ಪ ತಂತಿ ರಿಲೇಯನ್ನು ಹೊಕ್ಕು, ಅಲ್ಲಿಂದ ಪೆಟ್ಟಿಗೆಗೆ ಹೋಗುತ್ತದೆ. ಪೆಟ್ಟಿಗೆಯಲ್ಲಿ ಕವಲೊಡೆದು ಪ್ರತಿಯೊಂದು ಕವಲೂ ತನ್ನ ಫ್ಯೂಸಿನ ಮೂಲಕ ಉಪಕರಣವನ್ನು ಸೇರುತ್ತದೆ. ರಿಲೇ ಎಂದರೆ ವಿದ್ಯುತ್ಕಾಂತದಿಂದ ನಡೆಯುವ ಸ್ವಿಚ್ಚು. ಅದರ 30 ಎಂಬ ತುದಿ ಬ್ಯಾಟರಿಗೆ, 87 ಪೆಟ್ಟಿಗೆಗೆ, 85 ಚೌಕಟ್ಟಿಗೆ ಸೇರಬೇಕು. ಕೀಲಿ ತಿರುಗಿಸಿದಾಗ ಮಾತ್ರ ಪ್ರವಾಹ ಬರುವ ತಂತಿಗೆ 86ನ್ನು ಜೋಡಿಸಬೇಕು. ಆ ತಂತಿಯ ಮೇಲೆ ಬೀಳುವ ಹೊರೆ ಬಹು ಅಲ್ಪ. ಕಾಂತವನ್ನು ಎಚ್ಚರಿಸುವಷ್ಟು ಮಾತ್ರ. ಕೀಲಿ ತೆಗೆದ ಕೂಡಲೇ ಎಲ್ಲ ಉಪಕರಣಗಳೂ ಆರುತ್ತವೆ.

ನಾಲ್ಕನೆಯದು, ಅರೆವಾಹಕಗಳಿಂದ ಮಾಡಿದ ಎಲೆಕ್ಟ್ರಾನಿಕ್ ವಿತರಣಾ ಪೆಟ್ಟಿಗೆ. ಇದರಲ್ಲಿ ಕರಗುವ ಫ್ಯೂಸು ಇಲ್ಲ. ಪ್ರವಾಹ ಮಿತಿ ಮೀರಿದೊಡನೆ ಅರೆವಾಹಕವೇ ಅದನ್ನು ತಡೆಯುತ್ತದೆ. ಪ್ರತಿ ಕವಲಿನ ಮಿತಿಯನ್ನೂ ನಾವೇ ಗೊತ್ತುಪಡಿಸಬಹುದು. ಆದರೆ ಬೆಲೆ ಹೆಚ್ಚು; ಕೆಟ್ಟರೆ ದಾರಿಯಲ್ಲಿ ದುರಸ್ತಿ ಸಾಧ್ಯವಿಲ್ಲ.

ಫ್ಯೂಸು ಕಾಯುವುದು ಯಾರನ್ನು?

ಫ್ಯೂಸು ಉಪಕರಣವನ್ನು ಕಾಯುತ್ತದೆಂಬುದು ಸಾಮಾನ್ಯ ನಂಬಿಕೆ. ಅದರ ಮುಖ್ಯ ಕರ್ತವ್ಯ ತಂತಿಯನ್ನು ಕಾಯುವುದು. ಹ್ಯಾಂಡಲ್ ತಿರುಗಿದಂತೆಲ್ಲ ಚೌಕಟ್ಟಿಗೆ ತಂತಿ ಉಜ್ಜಿ, ಅದರ ಹೊದಿಕೆ ಹರಿದು, ತಾಮ್ರವು ಕಬ್ಬಿಣವನ್ನು ಮುಟ್ಟಿತೆನ್ನೋಣ. ಮುಕ್ಕಾಲು ಚದರ ಮಿಲಿಮೀಟರಿನ ಒಂದೂವರೆ ಮೀಟರ್ ತಂತಿಯ ರೋಧ 0.035 ಓಮ್. ಬ್ಯಾಟರಿಯ ಒಳರೋಧವೂ ಕೂಡಿ ಒಟ್ಟು 0.08 ಓಮ್ ಆದರೆ, 150 ಆಂಪಿಯರು ನುಗ್ಗುತ್ತದೆ. ಶಾಖವು ಪ್ರವಾಹದ ವರ್ಗಕ್ಕೆ ಅನುಗುಣವಾದುದರಿಂದ, ತಂತಿಯಲ್ಲಿ ಸುಮಾರು 790 ವಾಟಿನ ಶಾಖ ಹುಟ್ಟುತ್ತದೆ. ಎಳೆಯಷ್ಟು ತಂತಿಯಲ್ಲಿ ಒಂದು ವಿದ್ಯುತ್ ಒಲೆಯ ಬಿಸಿ! ಫ್ಯೂಸು ಇದ್ದರೆ ಇದು ಕ್ಷಣಮಾತ್ರದಲ್ಲಿ ಮುಗಿಯುತ್ತದೆ. ಆದರೆ ಫ್ಯೂಸಿಗೂ ಬ್ಯಾಟರಿಗೂ ನಡುವಣ ತಂತಿಗೆ ರಕ್ಷಣೆಯಿಲ್ಲವಾದುದರಿಂದ, ಮುಖ್ಯ ಫ್ಯೂಸನ್ನು ಬ್ಯಾಟರಿಯ ಪಕ್ಕದಲ್ಲಿಯೇ ಇಡಬೇಕು. ಸುಟ್ಟ ಫ್ಯೂಸಿನ ಸ್ಥಾನದಲ್ಲಿ ತಾಮ್ರದ ಎಳೆ ಕಟ್ಟುವವರು ಕಾವಲುಗಾರನನ್ನು ಕಳಿಸಿ ಬಾಗಿಲು ತೆರೆದಿಟ್ಟವರು.

ಯಾವುದು ನಮಗೆ ತಕ್ಕುದು?

ಒಂದೇ ಚಾರ್ಜರು ಸಾಕೆನ್ನುವವರು ಕೀಲಿಯ ಹತೋಟಿಯಲ್ಲಿರುವ, ಸ್ವಂತ ಫ್ಯೂಸಿರುವ ಒಂದು ಕವಲನ್ನು ಮಾಡಿಸಿಕೊಂಡರೆ ಸಾಕು. ಎರಡು ಮೂರು ಉಪಕರಣ ಬೇಕಾದವರಿಗೆ ಮೂರನೆಯ ಮಾರ್ಗವೇ ಉತ್ತಮವೆಂದು ನಾವು ಭಾವಿಸುತ್ತೇವೆ. ಬಿಡಿಭಾಗ ಸುಲಭವಾಗಿ ಸಿಗುತ್ತದೆ. ಸುಟ್ಟ ಫ್ಯೂಸು ಕಣ್ಣಿಗೇ ಕಾಣುತ್ತದೆ. ಐಹೊಳೆಯ ದಾರಿಯಲ್ಲಿ ಕೆಟ್ಟರೂ ಸವಾರನೇ ಬದಲಾಯಿಸಬಲ್ಲ. ಮೇಲೆ ಹೇಳಿದ 35 ವಾಟಿನ ಹೊರೆಗೆ ಬ್ಯಾಟರಿಯ ಬಳಿ 10 ಆಂಪಿಯರಿನ ಮುಖ್ಯ ಫ್ಯೂಸು, ಒಂದೂವರೆ ಚದರ ಮಿಲಿಮೀಟರಿನ ಮುಖ್ಯ ತಂತಿ, ಮುಕ್ಕಾಲು ಚದರ ಮಿಲಿಮೀಟರಿನ ಕವಲುಗಳು, ಕವಲಿಗೆ 3 ಆಂಪಿಯರಿನ ಫ್ಯೂಸು ಸಾಕಾಗುತ್ತವೆ. ಬೇಸಿಗೆಯ ಬಿಸಿಲೂ ದಾರಿಯ ಧೂಳೂ ಹೆಚ್ಚಿರುವ ಈ ಸೀಮೆಯಲ್ಲಿ ಪೆಟ್ಟಿಗೆಯನ್ನು ಸೀಟಿನ ಕೆಳಗೆ, ಎಂಜಿನಿನಿಂದ ದೂರವಾಗಿ, ಮುಚ್ಚಳವಿಟ್ಟು ಕೂಡಿಸಬೇಕು. ಹೆಚ್ಚಿನ ದೀಪಗಳನ್ನು ಎದುರಿನವರ ಕಣ್ಣು ಕುಕ್ಕದಂತೆ ನೆಲದತ್ತ ಬಾಗಿಸಬೇಕು. ಹಲವು ಸ್ವರಗಳ ಹಾರ್ನನ್ನು ಕಾನೂನು ನಿಷೇಧಿಸಿದೆಯೆಂಬುದನ್ನೂ ನೆನಪಿಡಬೇಕು.

ಓದುಗರು ತಮ್ಮ ಮನೆಯ ವಾಹನದ ಕೈಪಿಡಿಯನ್ನು ತೆರೆದು, ಆಲ್ಟರ್ನೇಟರಿನ ವಾಟನ್ನೂ ದೀಪಗಳ ವಾಟನ್ನೂ ಬರೆದುಕೊಂಡು, ಇದೇ ಕ್ರಮದಲ್ಲಿ ಕಳೆದು ನೋಡಲಿ. ಉಳಿಕೆ ಎಷ್ಟೆಂದು ತಿಳಿದ ಮೇಲೆ ಅಂಗಡಿಗೆ ಹೋದರೆ, ಏನನ್ನು ಕೊಳ್ಳಬೇಕು, ಏನನ್ನು ಬಿಡಬೇಕು ಎಂಬುದು ತಾನಾಗಿಯೇ ನಿರ್ಧಾರವಾಗುತ್ತದೆ.