ಗ್ರೂಪ್ ಫೋಟೋದ ಹಿಂದೆ ಹೆಸರು ಬರೆ

ವರ್ತೂರು
ನವೆಂಬರ್ 2025

ಚಿರಂಜೀವಿ ಮಗಳಿಗೆ,

ನಿನ್ನ ಪಿ.ಟಿ. ಮೇಷ್ಟ್ರ ಆಶೀರ್ವಾದಗಳು.  

ಮೊನ್ನೆ ಫೋನ್ ಮಾಡಿ, ಬರುವ ಏಪ್ರಿಲ್‌ನಲ್ಲಿ ನಿಮ್ಮ 2008-09ರ ಎಸ್ಸೆಸ್ಸೆಲ್ಸಿ ಬ್ಯಾಚಿನವರೆಲ್ಲ ಸೇರಿ ಗುರುವಂದನೆ ಇಟ್ಟುಕೊಂಡಿದ್ದೇವೆ, ಒಂದು ಸ್ಮರಣ ಸಂಚಿಕೆಯನ್ನೂ ತರುತ್ತೇವೆ, ನಿಮ್ಮದೊಂದು ಸಂದೇಶ ಬೇಕು ಸಾರ್ ಅಂದೆ. ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ನಾಲ್ಕು ಸಾಲು ಬರೆಯಲು ಕೂತವನು ಪತ್ರವನ್ನೇ ಬರೆಯುತ್ತಿದ್ದೇನೆ. ಬಿಡುವು ಮಾಡಿಕೊಂಡು ಓದು. ಬೊಮ್ಮಸಂದ್ರದ ಮೆಟ್ರೋ ಶುರುವಾದ ಮೇಲೆ ಎಲೆಕ್ಟ್ರಾನಿಕ್ ಸಿಟಿಗೆ ಕೂತು ಹೋಗುತ್ತೀನಿ ಅಂದಿದ್ದೆಯಲ್ಲ, ಅಲ್ಲೇ ಓದಿಕೋ.

ಮೊದಲಿಗೆ ಒಂದು ಮಾತು. ಶಾಲು, ಹಾರ, ಹಣ್ಣಿನ ಬುಟ್ಟಿ, ಫ್ಲೆಕ್ಸ್ ಎಂದು ನೀವು ಎತ್ತಿಟ್ಟಿರುವ ಹಣದಲ್ಲಿ ಅರ್ಧವನ್ನು ಆ ಪುಸ್ತಕಕ್ಕೆ ಹಾಕಿ. ನಮಗೆಲ್ಲ ಮನೆಯಲ್ಲಿ ಶಾಲು ಬೇಕಾದಷ್ಟಿವೆ. ನಮ್ಮ ಶಾಲೆಯ ಒಂದು ಬ್ಯಾಚಿನ ಬಗ್ಗೆ ಅಚ್ಚಾದ ಒಂದೇ ಒಂದು ಪುಸ್ತಕ ಈ ತನಕ ಇಲ್ಲ.

ನೀವು ಎಂಟನೇ ತರಗತಿಗೆ ಬಂದದ್ದು 2006ರ ಜೂನ್‌ನಲ್ಲಿ. ಆಗ ನಮ್ಮದು ವರ್ತೂರು ಹೋಬಳಿಯ ಒಂದು ಹಳ್ಳಿ ಹೈಸ್ಕೂಲು. ಸರ್ಕಾರ ಎಂಟನೇ ತರಗತಿಯವರಿಗೆ ಸೈಕಲ್ ಕೊಡಲು ಶುರುಮಾಡಿದ್ದೂ ಆ ವರ್ಷವೇ. ಸೈಕಲ್ ಬಂತು, ಆದರೆ ನಿಮ್ಮಲ್ಲಿ ಅರ್ಧ ಹುಡುಗಿಯರಿಗೆ ತುಳಿಯಲು ಬರುತ್ತಿರಲಿಲ್ಲ. ಪಿ.ಟಿ. ಪೀರಿಯಡ್ಡಿನಲ್ಲಿ ಖೋಖೋ ಬಿಟ್ಟು ಅದನ್ನೇ ಕಲಿಸಿದೆವು. ಹಿಂದಿನಿಂದ ಕ್ಯಾರಿಯರ್ ಹಿಡಿದು ಒಬ್ಬಳು ಓಡುವುದು, ಹ್ಯಾಂಡಲ್ ಗಟ್ಟಿಯಾಗಿ ಹಿಡಿದವಳು “ಬಿಡಬೇಡ ಕಣೇ” ಎಂದು ಕೂಗುವುದು, ಅಷ್ಟರಲ್ಲಿ ಹಿಂದಿನವಳು ಕೈ ಬಿಟ್ಟಾಗಿರುವುದು. ಎರಡು ವಾರದಲ್ಲಿ ಮೈದಾನದ ಸುತ್ತ ಒಂದೇ ಗಾಲಿಯ ಗುರುತು. ಇದನ್ನು ಬರೆ. ಇದು ಯಾವ ಇಲಾಖೆಯ ವರದಿಯಲ್ಲೂ ಇರುವುದಿಲ್ಲ. ಎಷ್ಟು ಸೈಕಲ್ ಹಂಚಿದೆವು ಎಂಬ ಲೆಕ್ಕ ಇರುತ್ತದೆ, ತುಳಿಯಲು ಕಲಿತವರ ಮುಖ ಇರುವುದಿಲ್ಲ.

ನೀವು ಇನ್ನೂ ಎಂಟನೇ ತರಗತಿ ಮುಗಿಸಿರಲಿಲ್ಲ, 2007ರ ಜನವರಿಯಲ್ಲಿ ಏಳು ನಗರಸಭೆ, ಕೆಂಗೇರಿ ಪುರಸಭೆ ಮತ್ತು 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಮಾಡಿದರು. ಆ 110ರಲ್ಲಿ ನಮ್ಮೂರೂ ಒಂದು. ಹಳ್ಳಿ ಶಾಲೆಗೆ ಸೇರಿದ ನೀವು ಮಹಾನಗರದ ಶಾಲೆಯಿಂದ ಎಸ್ಸೆಸ್ಸೆಲ್ಸಿ ಬರೆದು ಹೊರಬಂದಿರಿ. ಆ 110 ಹಳ್ಳಿಗಳಿಗೆ ನೀರು ಕೊಡುವ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರ್‌ನಲ್ಲಿ. ಈಗ ಆ ಪಾಲಿಕೆಯೂ ಹೋಗಿ, 2025ರ ಸೆಪ್ಟೆಂಬರ್‌ನಿಂದ ನಾವು ಬೆಂಗಳೂರು ಪೂರ್ವ ನಗರ ಪಾಲಿಕೆಯವರು. ಊರಿನ ವಿಳಾಸ ಇಷ್ಟು ಬೇಗ ಬೇಗ ಬದಲಾಗುವ ಕಡೆ ಊರಿನ ನೆನಪನ್ನು ಯಾರಾದರೂ ಕೂತು ಬರೆದಿಡಬೇಕಾಗುತ್ತದೆ. ಇಲ್ಲಿ ಅದು ತಾನಾಗಿ ಉಳಿಯುವುದಿಲ್ಲ.

ನಿಮ್ಮ ತರಗತಿಯಲ್ಲಿ ಯಾರಿದ್ದರು, ನೆನೆಸಿಕೋ. ದ್ರಾಕ್ಷಿ ತೋಟದವರ ಮಕ್ಕಳು, ಕೆರೆ ಕೆಳಗೆ ಸೊಪ್ಪು ಬೆಳೆಯುವವರ ಮಕ್ಕಳು, ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದಿದವರು, ತಮಿಳು ಮನೆಯವರು, ರಾಯಚೂರು-ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು. ಚೆನ್ನರಾಯಸ್ವಾಮಿ ತೇರಿನ ದಿನ ಮಾತ್ರ ಎಲ್ಲರೂ ಒಂದೇ ಜಾತಿ, ಎಲ್ಲರೂ ಸ್ಕೂಲಿಗೆ ಚಕ್ಕರ್. ಆ ತೋಟದ ಮನೆಗಳೆಲ್ಲ ಈಗ ಅಪಾರ್ಟ್‌ಮೆಂಟಿನ ಕಾಂಪೌಂಡಿನೊಳಗೆ ಹೋಗಿವೆ. ಕಟ್ಟಡ ಕೆಲಸದವರು ಕಟ್ಟಡ ಮುಗಿದ ಮೇಲೆ ಬೇರೆ ಕಡೆ ಹೋದರು. ಈ ಎಲ್ಲರೂ ಒಟ್ಟಿಗೆ ಕೂತಿದ್ದರು ಎಂಬುದಕ್ಕೆ ಇನ್ನು ಉಳಿದಿರುವ ಸಾಕ್ಷಿ ಎರಡೇ, ಶಾಲೆಯ ದಾಖಲಾತಿ ಪುಸ್ತಕ ಮತ್ತು ನಿಮ್ಮ ಗ್ರೂಪ್ ಫೋಟೋ.

ನಮ್ಮ ಪಕ್ಕದ ವೈಟ್‌ಫೀಲ್ಡ್ ನೋಡು. ಮೈಸೂರಿನ ಹತ್ತನೇ ಚಾಮರಾಜ ಒಡೆಯರ್ 1882ರಲ್ಲಿ ಯುರೇಷಿಯನ್ ಮತ್ತು ಆಂಗ್ಲೋ-ಇಂಡಿಯನ್ ಸಂಘಕ್ಕೆ 3,900 ಎಕರೆ ಕೊಟ್ಟು ಆದ ವಸಾಹತು ಅದು. ಸಂಘ ಕಟ್ಟಿದ ಡಿ.ಎಸ್. ವೈಟ್ ಅವರ ಹೆಸರೇ ಊರಿಗೆ ಬಂತು. ಆಗ ಅದು ಬಹಳ ಸಣ್ಣ ಊರು. ಆದರೂ ಯಾರ ಮನೆ ಎಲ್ಲಿತ್ತು, ಊರ ನಡುವಿನ ಇನ್ನರ್ ಸರ್ಕಲ್‌ನಲ್ಲಿ ಯಾರಿದ್ದರು ಎಂಬುದನ್ನು ಇಂದಿಗೂ ಹುಡುಕಬಹುದು. ಅವರು ಕಾಗದ ಇಟ್ಟರು. ಸಂಘದ ಕಾಗದ, ಚರ್ಚಿನ ಕಾಗದ, ಮನೆಯ ಆಲ್ಬಮ್. ಅದರ ಸುತ್ತಲೇ ಇದ್ದ ಪಟ್ಟಂದೂರು ಅಗ್ರಹಾರ, ನಲ್ಲೂರಹಳ್ಳಿ, ಹಗದೂರು, ಇಮ್ಮಡಿಹಳ್ಳಿ ಆ ವಸಾಹತಿಗಿಂತ ಹಳೆಯ ಊರುಗಳು. ಅಲ್ಲಿನ ಒಕ್ಕಲು ಮಕ್ಕಳ ಬಗ್ಗೆ ಏನಾದರೂ ಬೇಕೆಂದರೆ ಪಹಣಿ ನೋಡಬೇಕು, ಇಲ್ಲ ಶಾಲೆಯ ರಿಜಿಸ್ಟರ್ ನೋಡಬೇಕು. ಪಹಣಿಯಲ್ಲಿ ಹೆಣ್ಣುಮಕ್ಕಳ ಹೆಸರು ಅಪರೂಪ. ಹಾಗಾಗಿ ನಿಮ್ಮಂಥ ಹುಡುಗಿಯರ ಪಾಲಿಗೆ ಶಾಲೆಯ ರಿಜಿಸ್ಟರೇ ಊರಿನ ಚರಿತ್ರೆ.

ನೀನು ಕೆಲಸ ಮಾಡುವ ಕಡೆಯೂ ಇದೇ ಕತೆ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ನಿಗಮ ಕಿಯೋನಿಕ್ಸ್‌ನ ಆರ್.ಕೆ. ಬಾಳಿಗರು ಕಂಡ ಕನಸಿನಂತೆ 1978ರಲ್ಲಿ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿ ಶುರುವಾಯಿತು. ಆ ನೆಲ ಕೋನಪ್ಪನ ಅಗ್ರಹಾರದ್ದು, ದೊಡ್ಡತೋಗೂರಿನದು. ಬಾಳಿಗರ ಹೆಸರು ಉಳಿಯಿತು, ಉಳಿಯಬೇಕಾದದ್ದೇ. ಆ ವರ್ಷ ಆ ಊರುಗಳಿಂದ ಹೈಸ್ಕೂಲು ಮುಗಿಸಿದ ಹುಡುಗ ಹುಡುಗಿಯರು ಯಾರೆಂದು ಅಲ್ಲಿ ಯಾರಾದರೂ ಬರೆದಿಟ್ಟಿದ್ದರೆ ಎಷ್ಟು ಬೆಲೆಬಾಳುತ್ತಿತ್ತು ಯೋಚಿಸು.

ಬರೆದಿಟ್ಟ ಹೆಸರು ಎಷ್ಟು ಕಾಲ ಉಳಿಯುತ್ತದೆ ಎಂದು ನೋಡಲು ಒಮ್ಮೆ ರಜೆಯ ದಿನ ನಿನ್ನ ಮಗುವನ್ನು ಕರೆದುಕೊಂಡು ಬೇಗೂರಿಗೆ ಹೋಗಿ ಬಾ. ನಿನ್ನ ಆಫೀಸಿಗೆ ಹತ್ತಿರ. ಅಲ್ಲಿನ ನಾಗನಾಥೇಶ್ವರ ಗುಡಿಯ ಆವರಣದಲ್ಲಿ ಗಂಗರ ಕಾಲದ ಒಂದು ಶಾಸನವಿದೆ, ಸುಮಾರು 1,100 ವರ್ಷ ಹಳೆಯದು. ಬೆಂಗಳೂರು ಎಂಬ ಊರ ಹೆಸರನ್ನು ಕೆತ್ತಿರುವ ಕಲ್ಲು ಅದು. ಬೆಂಗಳೂರು ಕಾಳಗದಲ್ಲಿ ಮಡಿದ ಬುತ್ತನಶೆಟ್ಟಿ ಎಂಬವನ ಹೆಸರು ಅದರಲ್ಲಿದೆ. ಅವನು ದೊರೆಯೂ ಅಲ್ಲ, ಸಾಮಂತನೂ ಅಲ್ಲ. ಯಾರೋ ಅವನ ಹೆಸರನ್ನು ಕೆತ್ತಿಸಬೇಕು ಅಂದುಕೊಂಡರು, ಕೆತ್ತಿಸಿದರು, ಅಷ್ಟೇ. ಆ ಒಂದು ಹೆಸರಿನ ಜೊತೆಗೆ ನಮ್ಮ ನಗರದ ಹೆಸರೂ ಉಳಿಯಿತು.

ಇನ್ನು ಫೋಟೋದ ವಿಷಯ. ನಿಮ್ಮ ಗ್ರೂಪ್ ಫೋಟೋ ತೆಗೆದದ್ದು ಫೆಬ್ರವರಿಯ ಒಂದು ಬೆಳಗ್ಗೆ. ಎತ್ತರದ ಪ್ರಕಾರ ನಿಲ್ಲಿಸುವ ಕೆಲಸ ಎಂದಿನಂತೆ ನನ್ನದು. ಹಿಂದೆ ಡೆಸ್ಕಿನ ಮೇಲೆ ಹುಡುಗರು, ಅದರ ಮುಂದೆ ನೆಲದ ಮೇಲೆ ನಿಂತ ಹುಡುಗಿಯರು, ಕುರ್ಚಿಯಲ್ಲಿ ನಾವು, ನಮ್ಮ ಕಾಲ ಬಳಿ ಗಿಡ್ಡ ಹುಡುಗರು. ಮಧ್ಯದಲ್ಲಿ ಸೀಮೆಸುಣ್ಣದಲ್ಲಿ ಬರೆದ ಸ್ಲೇಟು. ಹಿಂದಿನ ಸಾಲಿನ ಬಲತುದಿಯ ಹುಡುಗ ಬೇರೆಯವನ ಶೂ ಹಾಕಿಕೊಂಡು ನಿಂತಿದ್ದ. ಕಾಲು ಫೋಟೋದಲ್ಲಿ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅವನು ಈಗ ಪೀಣ್ಯದಲ್ಲಿ ಸಿಎನ್‌ಸಿ ಮೆಷಿನ್ ನಡೆಸುತ್ತಾನೆ, ನಿನಗೆ ಗೊತ್ತು. ಆ ದಿನ ಒಬ್ಬಳು ಬಂದಿರಲಿಲ್ಲ. ದ್ರಾಕ್ಷಿ ಕೊಯ್ಲು, ಮನೆಯವರು ಕಳಿಸಿರಲಿಲ್ಲ. ಫೋಟೋದವರು ಇನ್ನೊಂದು ಶಾಲೆಗೆ ಹೋಗಬೇಕಿತ್ತು, ನಿಲ್ಲಲಿಲ್ಲ. ಮೂರು ವರ್ಷ ನಿಮ್ಮ ಜೊತೆ ಕೂತ ಹುಡುಗಿ ಆ ಚಿತ್ರದಲ್ಲಿಲ್ಲ.

ಆದ್ದರಿಂದ ಫೋಟೋ ಅಚ್ಚುಹಾಕುವಾಗ ಕೆಳಗೆ ಸಾಲು ಸಾಲಾಗಿ ಎಡದಿಂದ ಬಲಕ್ಕೆ ಹೆಸರು ಕೊಡಿ. ಕೊನೆಗೆ “ಫೋಟೋ ದಿನ ಬಾರದವರು” ಎಂದು ಅವಳ ಹೆಸರನ್ನೂ ಹಾಕಿ. ಇದಾದ ಮೇಲೆ ಇನ್ನೊಂದು ಪಟ್ಟಿ ಬೇಕು, ನನಗೆ ಅದೇ ಮುಖ್ಯ. ಎಂಟನೇ ತರಗತಿಗೆ ಸೇರಿ ಹತ್ತರ ತನಕ ಬಾರದವರು. ಹಾಜರಿ ಪುಸ್ತಕದಲ್ಲಿ ಅವರ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರು, ಆಮೇಲೆ ಹೆಸರಿನ ಮೇಲೊಂದು ಕೆಂಪು ಗೆರೆ. ಗುರುವಂದನೆಗಳಲ್ಲಿ ಪಾಸಾದವರೇ ಸೇರುತ್ತಾರೆ, ಅದರಲ್ಲೂ ಚೆನ್ನಾಗಿ ಆದವರು ಮುಂದೆ ಕೂರುತ್ತಾರೆ. ಫೇಲಾದವರು “ನಾವ್ಯಾಕೆ ಬರೋದು ಬಿಡು” ಅನ್ನುತ್ತಾರೆ. ನೀನೇ ಅವರ ಮನೆಗೆ ಹೋಗಿ ಕರೆ. ಫೋನಿನಲ್ಲಿ ಕರೆದರೆ ಬರುವುದಿಲ್ಲ.

ದಿನ ಗೊತ್ತುಮಾಡುವಾಗಲೂ ಇದನ್ನೇ ನೋಡಿ. ನಿಮಗೆ ಶನಿವಾರ ರಜ. ಗಾರ್ಮೆಂಟ್ಸ್‌ಗೆ ಹೋಗುವ ನಿನ್ನ ಗೆಳತಿಯರಿಗೆ, ಪೀಣ್ಯದವನಿಗೆ ಶನಿವಾರ ಡ್ಯೂಟಿ. ಭಾನುವಾರ ಇಡಿ, ಒಂದು ತಿಂಗಳು ಮೊದಲೇ ತಿಳಿಸಿ.

ಸಂಚಿಕೆಯಲ್ಲಿ ಯಾರ ಹೆಸರಿನ ಮುಂದೆಯೂ ಕಂಪನಿ, ಹುದ್ದೆ ಹಾಕಬೇಡಿ ಎಂದು ನನ್ನ ಕೋರಿಕೆ. ಹೆಸರು, ಆಗಿನ ಊರು, ಶಾಲೆಗೆ ಹೇಗೆ ಬರುತ್ತಿದ್ದರು, ಯಾವುದಕ್ಕೆ ಹೆಸರಾಗಿದ್ದರು, ಇಷ್ಟಿರಲಿ. ಕಬಡ್ಡಿಯಲ್ಲಿ ರೈಡು, ಶಾರದಾ ಪೂಜೆಯ ರಂಗೋಲಿ, ಲೆಕ್ಕದ ಮೇಷ್ಟ್ರ ನಕಲು, ಏನಿದ್ದರೂ ಸರಿ. ರಿಜಿಸ್ಟರ್ ನೋಡಲು ಮುಖ್ಯೋಪಾಧ್ಯಾಯರಿಗೆ ಅರ್ಜಿ ಬರೆದುಕೊಟ್ಟು ಅನುಮತಿ ಪಡೆ. ಅದರಲ್ಲಿ ಜಾತಿ, ಆದಾಯ ಎಲ್ಲ ಇರುತ್ತದೆ. ಅದರ ಫೋಟೋ ಹೊಡೆದು ನಿಮ್ಮ ವಾಟ್ಸಾಪ್ ಗ್ರೂಪಿಗೆ ಹಾಕುವಂತಿಲ್ಲ, ಹೆಸರು ಮಾತ್ರ ಕೈಯಲ್ಲಿ ಬರೆದುಕೋ. ಹುಟ್ಟಿದ ತಾರೀಖು ನೋಡಿದರೆ ನಿನಗೆ ಖುಷಿಯಾದೀತು. ಎಷ್ಟೊಂದು ಜನ ಜೂನ್ 1ರಂದೇ ಹುಟ್ಟಿದ್ದಾರೆ! ಒಂದನೇ ತರಗತಿಗೆ ಸೇರಿಸುವಾಗ ತಾರೀಖು ಗೊತ್ತಿಲ್ಲ ಎಂದ ಮಕ್ಕಳಿಗೆಲ್ಲ ವಯಸ್ಸು ಸರಿಹೋಗಲೆಂದು ಹಿಂದಿನ ಮೇಷ್ಟ್ರುಗಳು ಹಾಗೆ ಬರೆಯುತ್ತಿದ್ದರು. ಆ ತಾರೀಖೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂತು, ಅಲ್ಲಿಂದ ನಿಮ್ಮ ಪಾಸ್‌ಪೋರ್ಟಿಗೂ ಹೋಗಿದೆ.

ಮೂಲ ಫೋಟೋ ಯಾರ ಮನೆಯಲ್ಲಿ ಚೆನ್ನಾಗಿದೆಯೋ ಅದನ್ನು ತಂದು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿಸು. ವಾಟ್ಸಾಪಿನಲ್ಲಿ ಬಂದ ಚಿತ್ರ ಕುಗ್ಗಿರುತ್ತದೆ, ಇಷ್ಟು ಜನರ ಫೋಟೋದಲ್ಲಿ ಮುಖ ದೊಡ್ಡದು ಮಾಡಿದರೆ ಕಣ್ಣು ಮೂಗು ತಿಳಿಯುವುದಿಲ್ಲ. ಲ್ಯಾಮಿನೇಷನ್ ಖಂಡಿತ ಬೇಡ, ಒಮ್ಮೆ ಅಂಟಿದ ಪ್ಲಾಸ್ಟಿಕ್ಕನ್ನು ಆಮೇಲೆ ಬಿಡಿಸಲಾಗದು. ಬಿಸಿಲು ಬೀಳುವ ಗೋಡೆಗೆ ತೂಗುಹಾಕಿದರೆ ಬಣ್ಣ ಹೋಗುತ್ತದೆ. ಹಿಂದಿನ ರಟ್ಟಿನ ಮೇಲೆ ಪೆನ್ಸಿಲ್‌ನಲ್ಲಿ ಹೆಸರು ಬರೆ. ಬಿಸಿಯೂಟ ಬಡಿಸುತ್ತಿದ್ದ ಅಮ್ಮ, ಹಳಿ ತುಂಡಿಗೆ ಬಡಿದು ಬೆಲ್ ಹೊಡೆಯುತ್ತಿದ್ದ ನಮ್ಮ ಜವಾನ, ಇಬ್ಬರೂ ಇನ್ನೂ ಇದ್ದಾರೆ, ವಯಸ್ಸಾಗಿದೆ. ಅವರನ್ನು ಮಾತಾಡಿಸಿ ಫೋನಿನಲ್ಲಿ ದನಿ ಹಿಡಿದಿಡು. ನಮ್ಮ ಭಾಷಣಗಳಿಗಿಂತ ಅವರಿಗೆ ನಿಮ್ಮ ವಿಷಯ ಹೆಚ್ಚು ಗೊತ್ತು.

ಪುಸ್ತಕದ ಒಂದು ಪ್ರತಿ ಶಾಲೆಗೆ, ಒಂದು ಊರಿನ ಗ್ರಂಥಾಲಯಕ್ಕೆ ಕೊಡಿ.

ಇನ್ನೊಂದು ಬ್ಯಾಚು ನನ್ನ ಮನಸ್ಸಿನಲ್ಲಿ ಕೂತಿದೆ. 2021ರವರು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆ ಮುಚ್ಚಿತು, ಹತ್ತನೇ ತರಗತಿ ಮತ್ತೆ ತೆರೆದದ್ದು 2021ರ ಜನವರಿ 1ಕ್ಕೆ. ಎರಡನೇ ಅಲೆ ಬಂತು. ಜುಲೈ 19 ಮತ್ತು 22, ಎರಡೇ ದಿನದಲ್ಲಿ ಬಹು ಆಯ್ಕೆ ಪ್ರಶ್ನೆಯ ಪರೀಕ್ಷೆ ಬರೆದು ಮಾಸ್ಕ್ ಹಾಕಿಕೊಂಡೇ ಮನೆಗೆ ಹೋದರು. ಬೀಳ್ಕೊಡುಗೆ ಇಲ್ಲ, ಗ್ರೂಪ್ ಫೋಟೋ ಇಲ್ಲ. ನಿಮ್ಮ ಬ್ಯಾಚಿನವರ ತಮ್ಮ ತಂಗಿಯರೇ ಅದರಲ್ಲಿದ್ದಾರೆ. ನಿಮ್ಮ ಕಾರ್ಯಕ್ರಮಕ್ಕೆ ಅವರನ್ನೂ ಕರೆಯಿರಿ. ಅದೇ ಮೈದಾನದಲ್ಲಿ ಡೆಸ್ಕು ಜೋಡಿಸಿ ಅವರಿಗೊಂದು ಫೋಟೋ ತೆಗೆಸಿಕೊಡಿ. ಎತ್ತರದ ಪ್ರಕಾರ ನಿಲ್ಲಿಸಲು ನಾನು ಬರುತ್ತೇನೆ.

ನನ್ನ ಹತ್ತಿರವಿರುವ ನಿಮ್ಮ ಫೋಟೋವನ್ನು ಹೊರತೆಗೆದು ಹೆಸರು ಬರೆಯಲು ಶುರುಮಾಡಿದ್ದೇನೆ. ಹುಡುಗಿಯರ ಸಾಲಿನಲ್ಲಿ ಎಡದಿಂದ ನಾಲ್ಕನೆಯವಳು ಮತ್ತು ಅವಳ ಪಕ್ಕದವಳ ಹೆಸರು ನೆನಪಾಗುತ್ತಿಲ್ಲ. ಇಬ್ಬರೂ ಕಲಬುರಗಿ ಕಡೆಯವರು, ಒಟ್ಟಿಗೇ ಬರುತ್ತಿದ್ದರು. ನಿಮ್ಮವರನ್ನೆಲ್ಲ ಕೇಳಿ ನೋಡು, ಗೊತ್ತಾದ ದಿನವೇ ನನಗೆ ತಿಳಿಸು.

ಇಂತಿ,
ನಿನ್ನ ಪಿ.ಟಿ. ಮೇಷ್ಟ್ರು