ಲಕ್ಕಮ್ಮನ ಅಳತೆಯೂ ಗೃಹಸ್ಥನ ಸುಖವೂ

ಸುಖವು ಬೇಡವೆನ್ನುವ ಜೀವಿಯಿಲ್ಲ; ಶರಣರೂ ಅದನ್ನು ಬೇಡವೆನ್ನಲಿಲ್ಲ. ಮನೆಮಠಗಳನ್ನು ತೊರೆದು ಅಡವಿಯನ್ನು ಸೇರಿದವನಿಗಿಂತ, ಮಡದಿಮಕ್ಕಳೊಡನಿದ್ದು ದುಡಿದು, ಲಿಂಗಕ್ಕೆ ಅರ್ಪಿಸಿ, ಜಂಗಮಕ್ಕೆ ನೀಡಿ, ಮಿಕ್ಕುದನ್ನು ಪ್ರಸಾದವೆಂದು ಕೈಕೊಳ್ಳುವ ಗೃಹಸ್ಥನನ್ನೇ ಅವರು ಧರ್ಮದ ನಡುಗಂಬವನ್ನಾಗಿ ನಿಲ್ಲಿಸಿದರು. ಆದಕಾರಣ ಶರಣಮಾರ್ಗವು ಲೋಕಕ್ಕೆ ಬೆನ್ನು ತಿರುಗಿಸಿದ ಮಾರ್ಗವೆಂದು ಭಾವಿಸುವುದು ಸಲ್ಲದು. ಅವರೆತ್ತಿದ ಪ್ರಶ್ನೆಯೇ ಬೇರೆ. ಪದಾರ್ಥವು ಎಲ್ಲಿಯವರೆಗೆ ಪ್ರಸಾದ? ಎಲ್ಲಿಂದ ಮುಂದೆ ಹೊರೆ?

ಇದಕ್ಕೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮನ ಚರಿತೆಯಲ್ಲಿ ಕಾಣಬಹುದು. ಪತಿ ಮಾರಯ್ಯನು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುತ್ತಿದ್ದನು. ಅದೇ ಅವನ ಕಾಯಕ. ಆ ಅಕ್ಕಿಯಿಂದಲೇ ದಾಸೋಹ. ಒಂದು ದಿನ ಅವನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಲಕ್ಕಮ್ಮನ ಕಣ್ಣು ಕೂಡಲೇ ಅದನ್ನು ಗುರುತಿಸಿತು. ಇದು ಮಾರಯ್ಯನ ಮನಸ್ಸಿನ ಅಳತೆಯಲ್ಲವೆಂದು ಆಕೆ ನುಡಿದು, ನಿತ್ಯಕ್ಕೆ ಬೇಕಾದಷ್ಟನ್ನು ಉಳಿಸಿಕೊಂಡು, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಅವನನ್ನು ಹಿಂದಕ್ಕೆ ಕಳುಹಿದಳು.

ಈ ಕಥೆಯನ್ನು ಕೇಳದ ಭಕ್ತರು ವಿರಳ. ಆದರೆ ಕೇಳಿ ತಲೆದೂಗಿದವರು ಎರಡು ಅಂಶಗಳನ್ನು ಮರೆಯುವುದುಂಟು. ಮೊದಲನೆಯದು: ಆ ಅಕ್ಕಿಯು ಕದ್ದುದಲ್ಲ, ಮೋಸದಿಂದ ಬಂದುದಲ್ಲ. ನೆಲಕ್ಕೆ ಬಿದ್ದುದನ್ನು ಬೆನ್ನು ಬಗ್ಗಿಸಿ ಆಯ್ದುದು. ಹಾಗಿದ್ದೂ ಲಕ್ಕಮ್ಮ ಒಪ್ಪಲಿಲ್ಲ. ಗಳಿಕೆಯು ನ್ಯಾಯವಾದುದಾದರೆ ಸಾಕು, ಎಷ್ಟಾದರೂ ಇರಲಿ ಎಂಬ ವಾದವು ಇಲ್ಲಿ ನಿಲ್ಲುವುದಿಲ್ಲ. ಎರಡನೆಯದು ಇನ್ನೂ ಮುಖ್ಯವಾದುದು. ಆ ಮನೆಯಲ್ಲಿ ಉಪವಾಸವಿರಲಿಲ್ಲ. ಆಯ್ದ ಅಕ್ಕಿಯಿಂದಲೇ ಆ ದಂಪತಿಗಳು ಲಕ್ಷದ ತೊಂಬತ್ತಾರು ಸಾವಿರ ಜಂಗಮರಿಗೆ ಉಣಬಡಿಸಿದರೆಂದು ಪರಂಪರೆಯು ಹೇಳುತ್ತದೆ. ಸಂಖ್ಯೆಯನ್ನು ಎಣಿಸುವುದು ಬೇಡ. ಅಭಿಪ್ರಾಯವನ್ನು ಗ್ರಹಿಸಿದರೆ ಸಾಕು. ಕೊಡಲು ಕೂಡಿಡಬೇಕೆಂಬುದನ್ನು ಲಕ್ಕಮ್ಮ ನಂಬಲಿಲ್ಲ. ನಾಳೆ ದಾನ ಮಾಡುವೆನೆಂದು ಇಂದು ಕಣಜ ತುಂಬುವವನ ಮಾತಿನಲ್ಲಿ ದಾನಕ್ಕಿಂತ ಕಣಜವೇ ದೊಡ್ಡದಾಗಿರುತ್ತದೆ.

ಹೀಗೆಂದು ಜಿಪುಣತನವನ್ನು ಸರಳಜೀವನವೆಂದು ಭ್ರಮಿಸಬಾರದು. ಜಿಪುಣನೂ ರೊಟ್ಟಿ ಚಟ್ನಿಯನ್ನೇ ಉಣ್ಣುತ್ತಾನೆ, ಹರಿದ ಅಂಗಿಯನ್ನೇ ತೊಡುತ್ತಾನೆ. ಅವನ ಚಿತ್ತವೆಲ್ಲ ಪೆಟ್ಟಿಗೆಯಲ್ಲಿರುತ್ತದೆ. ಬಡತನದ ಹೊಗಳಿಕೆಯೂ ಶರಣರ ಉದ್ದೇಶವಲ್ಲ. ಹಸಿದ ಮಗುವಿನ ಮುಂದೆ ಸಂತೃಪ್ತಿಯನ್ನು ಬೋಧಿಸುವುದು ಧರ್ಮವಲ್ಲ, ಅದು ಉಂಡವರ ಚಪಲ.

ಈಗ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳ ಒಕ್ಕಲು ಮನೆಗಳನ್ನು ನೋಡಬೇಕು. ಭತ್ತ, ಗೋವಿನಜೋಳ, ಹತ್ತಿ ಬೆಳೆಯುವ ನೆಲವಿದು. ಸವಣೂರಿನ ಎಲೆಗೆ ದೂರದ ಪೇಟೆಗಳಲ್ಲಿಯೂ ಹೆಸರಿದೆ. ಒಂದು ವರ್ಷ ಧಾರಣೆ ಏರಿತೆನ್ನಿ. ಸಾಲ ತೀರಿಸಿ ಬಾವಿಯ ಹೂಳು ತೆಗೆಸಬೇಕಾದ ಹಣವು ಮಗಳ ಮದುವೆಯ ಮಂಟಪಕ್ಕೆ ಹೋಗುತ್ತದೆ. ಬೀಗರು ಬೇಡವೆಂದರೂ ಓಣಿಯವರು ಏನೆಂದಾರೆಂಬ ಅಂಜಿಕೆ. ಮರುವರ್ಷ ಮಳೆ ಕೈಕೊಟ್ಟಾಗ ದಲಾಲಿ ಅಂಗಡಿಯ ಮೆಟ್ಟಿಲು, ಬಡ್ಡಿಯ ಕಾಗದ, ರಾತ್ರಿಯ ನಿದ್ದೆಗೆ ಕುತ್ತು. ಊಟ ಮಾಡಿ ಹೋದ ಸಾವಿರ ಜನರಲ್ಲಿ ಒಬ್ಬನಾದರೂ ಆ ಕಂತಿಗೆ ಹೆಗಲು ಕೊಡುವನೇ? ಇದನ್ನು ದಾಸೋಹವೆಂದು ಕರೆಯುವವರಿದ್ದಾರೆ. ದಾಸೋಹದಲ್ಲಿ ನೀಡುವವನು ಮರೆಯಾಗುತ್ತಾನೆ, ಇಲ್ಲಿ ಅವನ ಹೆಸರು ದೀಪದ ಅಕ್ಷರಗಳಲ್ಲಿ ಹೊಳೆಯುತ್ತದೆ. ಭೇದವು ಇಷ್ಟೇ, ಆದರೆ ಅಷ್ಟೂ ಅಲ್ಲಿಯೇ ಇದೆ. ಅನೇಕ ಮಠಗಳು ಸಾಮೂಹಿಕ ವಿವಾಹಗಳನ್ನು ನಡೆಸುತ್ತಿರುವುದು ಈ ಕಾರಣದಿಂದಲೇ. ಅಲ್ಲಿಗೆ ಬಡವರು ಮಾತ್ರ ಬಂದು, ಉಳ್ಳವರು ಆಶೀರ್ವಾದದ ವೇದಿಕೆಯಲ್ಲಷ್ಟೇ ಕುಳಿತಿರುವವರೆಗೆ ಆ ಕಾರ್ಯವು ಅರ್ಧವೇ ಆದಂತೆ.

ಈ ಮಣ್ಣಿಗೆ ಬೇರೆ ಮಾದರಿಗಳಿಲ್ಲವೆಂದಲ್ಲ. ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಬಂಗಾರದ ನಿಧಿ ದೊರೆತುದರಿಂದ ಕನಕನಾಯಕರೆನಿಸಿ, ಕಡೆಗೆ ನಾಯಕತನವನ್ನೇ ಬಿಟ್ಟರೆಂದು ಐತಿಹ್ಯ. ಅದೇ ತಾಲ್ಲೂಕಿನ ಶಿಶುನಾಳದ ಷರೀಫರು (1819-1889) ಶಾಲಾಮಾಸ್ತರಿಕೆಯನ್ನು ತೊರೆದು ಗುರು ಗೋವಿಂದಭಟ್ಟರ ಹಿಂದೆ ನಡೆದರು. ಸವಣೂರಿನ ನವಾಬರ ಆಳಿಕೆ 1948ರಲ್ಲಿ ಮುಗಿಯಿತು. ಆ ಊರಿನ ದೊಡ್ಡಹುಣಸೆ ಕಲ್ಮಠದ ಹೆಸರು ಮಾತ್ರ ಇಂದಿಗೂ ಜನರ ನಾಲಗೆಯ ಮೇಲಿದೆ.

ಆದರೆ ಗೃಹಸ್ಥರು ವಿಶೇಷವಾಗಿ ಮನಗಾಣಬೇಕಾದುದು ಹಾನಗಲ್ಲ ವಿರಕ್ತಮಠದ ಕುಮಾರ ಮಹಾಶಿವಯೋಗಿಗಳ ನಡೆಯನ್ನು. 1867ರಲ್ಲಿ ರಾಣೇಬೆನ್ನೂರು ತಾಲ್ಲೂಕಿನ ಜೋಯಿಸರ ಹರಳಹಳ್ಳಿಯಲ್ಲಿ ಜನಿಸಿದ ಅವರು 1904ರಲ್ಲಿ ವೀರಶೈವ ಮಹಾಸಭೆಯ ಸ್ಥಾಪನೆಗೂ, 1909ರಲ್ಲಿ ಮಲಪ್ರಭೆಯ ದಡದ ಶಿವಯೋಗ ಮಂದಿರದ ಸ್ಥಾಪನೆಗೂ ಕಾರಣರಾದರು. ಇಂಥ ಕಾರ್ಯಗಳಿಗೆ ಹಣ ಬೇಕು. ಅವರು ಹಣವನ್ನು ಹೇಸಲಿಲ್ಲ. ಸಿರಿವಂತರ ಬಾಗಿಲಿಗೂ ಹೋದರು, ಬಡವರ ಬಾಗಿಲಿಗೂ ಹೋದರು. ಜೋಳಿಗೆಗೆ ಬಿದ್ದುದು ಜೋಳಿಗೆಯಲ್ಲಿ ನಿಲ್ಲಲಿಲ್ಲ. ವಟುಗಳ ವಿದ್ಯೆಯಾಯಿತು, ಗೋಶಾಲೆಯಾಯಿತು, ವಿಭೂತಿಯಾಯಿತು. ಲಕ್ಕಮ್ಮನ ಅಳತೆಯೆಂದರೆ ಕೈಯಲ್ಲಿ ಹಾದುಹೋಗುವ ಮೊತ್ತದ ಅಳತೆಯಲ್ಲ, ತನಗೆಂದು ತಡೆದುಕೊಳ್ಳುವ ಮೊತ್ತದ ಅಳತೆ ಎಂಬುದು ಇಲ್ಲಿ ಸ್ಪಷ್ಟವಾಗುವುದು.

ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನೂ ಅವನ ಅಣ್ಣನೂ ಅಂಧರು. ಬಡ ಮನೆಯಲ್ಲಿ ಇಂಥ ಮಕ್ಕಳೆಂದರೆ ಲೋಕದ ಲೆಕ್ಕದಲ್ಲಿ ಬರಿಯ ನಷ್ಟ. ಶಿವಯೋಗಿಗಳು ಆ ಮಕ್ಕಳ ಕಂಠವನ್ನು ಕೇಳಿದರು. ಸಂಗೀತ ಕಲಿಸುವ ಹೊಣೆಯನ್ನು ತಾವೇ ಹೊತ್ತರು. ಗದಿಗೆಯ್ಯನು ಮುಂದೆ ಪಂಚಾಕ್ಷರಿ ಗವಾಯಿಗಳಾದನು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾದರು. ಹೆಸರು ಬಂದಿತು, ತಮ್ಮೊಬ್ಬರ ಸುಖವನ್ನು ನೋಡಿಕೊಂಡಿದ್ದರೆ ನಡೆಯುತ್ತಿತ್ತು. ಅವರಾದರೋ ಜಾತಿಯನ್ನು ಕೇಳದೆ ಅಂಧರನ್ನೂ ಅನಾಥರನ್ನೂ ಕೂಡಿಸಿಕೊಂಡು ಊರಿಂದೂರಿಗೆ ಸಂಚರಿಸಿದರು. ಮಕ್ಕಳ ಊಟಕ್ಕಾಗಿ ನಾಟಕ ಕಂಪನಿಯನ್ನೇ ಕಟ್ಟಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮವು ನೆಲೆನಿಂತುದು ಈ ಅಲೆದಾಟದಿಂದ. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆ ಹೊಣೆಯು ಹಾನಗಲ್ಲ ಸೀಮೆಯಲ್ಲಿಯೇ ಹುಟ್ಟಿದ, ತಾವೂ ಅಂಧರಾದ ಪುಟ್ಟರಾಜ ಗವಾಯಿಗಳ ಹೆಗಲೇರಿತು. ಅವರು 2010ರವರೆಗೆ, ಎಂದರೆ ಅರವತ್ತಾರು ವರ್ಷ, ಅದನ್ನು ಇಳಿಸಲಿಲ್ಲ. ಅಲ್ಲಿ ಕಲಿತ ಮಕ್ಕಳು ಇಂದು ನಾಡಿನ ಶಾಲೆಗಳಲ್ಲಿ ಸಂಗೀತ ಹೇಳಿಕೊಡುತ್ತಿದ್ದಾರೆ. ಪುಣ್ಯಾಶ್ರಮದ ಪಂಕ್ತಿಯಲ್ಲಿ ಎಲೆ ಹಾಸುವುದು ನಿಂತಿಲ್ಲ.