ಅಂತಿಯೋಕ್ಯದವರು ಯಾರನ್ನು ಕಳುಹಿಸಿದರು?

ಬೈಬಲ್ ಅಧ್ಯಯನ: ಯುವಜನರಿಗೆ ಮತ್ತು ಕುಟುಂಬ ಪ್ರಾರ್ಥನಾಕೂಟಗಳಿಗೆ
ಓದಬೇಕಾದ ಭಾಗ: ಪ್ರೇಷಿತರ ಕಾರ್ಯಕಲಾಪಗಳು 13:1–5 ಮತ್ತು 15:36–41



ಹೋದ ತಿಂಗಳು ತಡವಳದ ಒಂದು ಮನೆಯಲ್ಲಿ ಜಪಸರ ಮುಗಿಸಿ ಚಹಾ ಕುಡಿಯುತ್ತ ಕೂತಿದ್ದಾಗ ಹಿರಿಯ ಅವ್ವನೊಬ್ಬರು ನಮ್ಮನ್ನು ನೇರವಾಗಿ ಕೇಳಿಬಿಟ್ಟರು: "ಓದಿಸಿ ಓದಿಸಿ ಎಲ್ಲಾರನ್ನೂ ಹೊರಗ ಕಳಸ್ತೀರಿ. ಇಲ್ಲಿ ಕನ್ನಡದಾಗ ಹಾಡು ಎತ್ತಿಕೊಡವರು ಯಾರ ಉಳದ್ರು?" ನಮಗೆ ಉತ್ತರ ಹೊಳೆಯಲಿಲ್ಲ. ಈ ವರ್ಷ ನಮ್ಮ ಯುವಕೂಟದಿಂದ ಇಬ್ಬರು ಹೋಗುತ್ತಿದ್ದಾರೆ. ಒಬ್ಬ ತಮ್ಮ ಕೆಲಸಕ್ಕೆಂದು ಪುಣೆಗೆ, ಒಬ್ಬ ತಂಗಿ ಸಿಸ್ಟರ್ ಆಗುವ ತರಬೇತಿಗೆ. ಹಾಡುವವರಲ್ಲಿ ಮುಂದಿದ್ದವರೇ ಇವರಿಬ್ಬರು. ಧರ್ಮಪ್ರಾಂತ್ಯದಲ್ಲಿ ಮರಾಠಿ, ಇಂಗ್ಲಿಷ್ ಪೂಜೆಗಳಿಗೆ ಜನ ಇದ್ದೇ ಇರುತ್ತಾರೆ. ಕನ್ನಡದ ನಾವು ಮೊದಲೇ ಬೆರಳೆಣಿಕೆಯಷ್ಟು. ಹಾಗಾಗಿ ಅವ್ವನ ಪ್ರಶ್ನೆಯನ್ನು ಇಟ್ಟುಕೊಂಡೇ ಈ ಸಲದ ಪಾಠವನ್ನು ಓದೋಣ ಎಂದುಕೊಂಡೆವು.

ಅಂತಿಯೋಕ್ಯ ಇಂದಿನ ತುರ್ಕಿ ದೇಶದ ದಕ್ಷಿಣದ ತುದಿಯಲ್ಲಿದೆ. ಯೇಸುವಿನ ಶಿಷ್ಯರಿಗೆ 'ಕ್ರೈಸ್ತರು' ಎಂಬ ಹೆಸರು ಮೊದಲು ಬಿದ್ದದ್ದು ಅಲ್ಲಿ (11:26). ಅದೂ ಬಹುಭಾಷೆಯ ಊರು. ಹದಿಮೂರನೆಯ ಅಧ್ಯಾಯದ ಮೊದಲ ವಾಕ್ಯದಲ್ಲಿ ಸಂತ ಲೂಕ ಆ ಸಭೆಯ ಐದು ಮಂದಿ ಪ್ರವಾದಿ-ಬೋಧಕರ ಹೆಸರು ಕೊಡುತ್ತಾನೆ: ಬಾರ್ನಬ, ನೀಗರ್ ಎನಿಸಿಕೊಂಡ ಸಿಮೆಯೋನ, ಸಿರೇನಿನ ಲೂಸಿಯ, ಹೆರೋದನ ಜೊತೆಯಲ್ಲಿ ಬೆಳೆದ ಮೆನಹೇನ, ಮತ್ತು ಸೌಲ. ಒಬ್ಬ ಸೈಪ್ರಸ್ ದ್ವೀಪದವನು, ಒಬ್ಬ ಆಫ್ರಿಕಾದ ಕರಾವಳಿಯವನು, ಒಬ್ಬ ಅರಮನೆಯಲ್ಲಿ ಬೆಳೆದವನು, ಒಬ್ಬ ಹಿಂದೆ ಕ್ರೈಸ್ತರನ್ನು ಹಿಂಸಿಸಿದವನು. ಇಂಥವರು ಒಟ್ಟಿಗೆ ಕೂತು ಉಪವಾಸ ಮಾಡಿ ಪ್ರಾರ್ಥಿಸುತ್ತಿದ್ದರು.

ಆಗ ಪವಿತ್ರಾತ್ಮರ ಆಜ್ಞೆ ಬರುತ್ತದೆ: ಬಾರ್ನಬನನ್ನೂ ಸೌಲನನ್ನೂ ಪ್ರತ್ಯೇಕಿಸಿ ಕಳುಹಿಸಿರಿ. ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ ನೋಡಿ. ಐವರಲ್ಲಿ ಇಬ್ಬರು, ಅಂದರೆ ನೂರಕ್ಕೆ 40. ಅದೂ ಎಂಥವರು? ಆ ಸಭೆಯನ್ನು ನೋಡಿಕೊಳ್ಳಲು ಜೆರುಸಲೇಮಿನಿಂದ ಬಂದವನು ಬಾರ್ನಬ. ತಾರ್ಸಕ್ಕೆ ಹೋಗಿ ಸೌಲನನ್ನು ಹುಡುಕಿ ಕರೆತಂದವನೂ ಅವನೇ. ಇಬ್ಬರೂ ಸೇರಿ ಒಂದು ಇಡೀ ವರ್ಷ ಆ ಜನರಿಗೆ ಬೋಧಿಸಿದ್ದರು. ಹೋದರೂ ನಡೆಯುತ್ತದೆ ಎನ್ನುವಂಥವರನ್ನು ಅಂತಿಯೋಕ್ಯದವರು ಕಳುಹಿಸಲಿಲ್ಲ. ಯಾರು ಹೋದರೆ ಮನೆ ಖಾಲಿಯಾಗುತ್ತದೋ ಅವರನ್ನೇ ಕಳುಹಿಸಿದರು. ಮತ್ತೆ ಉಪವಾಸ ಮಾಡಿ, ಪ್ರಾರ್ಥಿಸಿ, ತಲೆಯ ಮೇಲೆ ಕೈಯಿಟ್ಟು ಬೀಳ್ಕೊಟ್ಟರು. ಅವರು ಸೆಲೂಕ್ಯ ಬಂದರಿನಿಂದ ಹಡಗು ಹತ್ತಿ ಸೈಪ್ರಸ್ ದ್ವೀಪದ ಸಲಮಿಗೆ ಹೋದರು. ಸಹಾಯಕ್ಕೆ ಯೊವಾನ್ನ ಮಾರ್ಕನಿದ್ದ.

ಸೈಪ್ರಸ್ ಯಾಕೆ ಎಂದು ಲೂಕ ಹೇಳುವುದಿಲ್ಲ. ಆದರೆ ಎರಡು ಅಧ್ಯಾಯ ಹಿಂದೆ ಹೋಗಿ 11:20 ನೋಡಿ. ಅಂತಿಯೋಕ್ಯದ ಗ್ರೀಕರಿಗೆ ಶುಭಸಂದೇಶವನ್ನು ಮೊದಲು ತಂದವರಲ್ಲಿ ಸೈಪ್ರಸ್ಸಿನವರಿದ್ದರು! ದ್ವೀಪದಿಂದ ಪಡೆದ ಸಭೆ ಈಗ ದ್ವೀಪಕ್ಕೆ ಹಿಂದಿರುಗಿ ಕೊಡುತ್ತಿದೆ.

ಇಂಥದೇ ಒಂದು ಕಳುಹಿಸುವಿಕೆ ನಮ್ಮ ಕನ್ನಡ ನಾಡಿನ ಕರಾವಳಿಯನ್ನು ಹಾದು ಹೋಗಿದೆ. ಅದು ಸಂತ ಜೋಸೆಫ್ ವಾಜ್ ಅವರ ಕಥೆ. ದಕ್ಷಿಣ ಕನ್ನಡದ ಮುಡಿಪುವಿನಲ್ಲಿರುವ ಅವರ ಪುಣ್ಯಕ್ಷೇತ್ರದ ಹೆಸರನ್ನು ಹಲವರು ಕೇಳಿರುತ್ತೀರಿ. ಅವರು ಗೋವೆಯ ಬೆನೌಲಿಮ್‌ನಲ್ಲಿ 1651ರ ಏಪ್ರಿಲ್ 21ರಂದು ಹುಟ್ಟಿ, 1676ರಲ್ಲಿ ಗುರುದೀಕ್ಷೆ ಪಡೆದರು. ಡಚ್ಚರ ಕೈಗೆ ಸಿಕ್ಕಿದ್ದ ಸಿಲೋನ್ ದ್ವೀಪದಲ್ಲಿ, ಅಂದರೆ ಇಂದಿನ ಶ್ರೀಲಂಕಾದಲ್ಲಿ, ಕಥೋಲಿಕರಿಗೆ ಒಬ್ಬ ಗುರುವೂ ಇಲ್ಲ ಎಂದು ಕೇಳಿ ಅಲ್ಲಿಗೆ ಹೋಗುತ್ತೇನೆಂದರು. ಗೋವೆಯ ಹಿರಿಯರು ಬೇರೆ ಕಡೆ ಕಳುಹಿಸಿದರು. ದ್ವೀಪ ಕೇಳಿದವರಿಗೆ ಸಿಕ್ಕಿದ್ದು ಕೆನರಾ!

1681ರಿಂದ 1684ರ ತನಕ ಅವರು ಮಂಗಳೂರು, ಬಸ್ರೂರು, ಗಂಗೊಳ್ಳಿ, ಕುಂದಾಪುರದ ಕಡೆ ದುಡಿದರು. ಆಗ ಅಲ್ಲಿನ ವಿಶ್ವಾಸಿಗಳು ಎರಡು ಪಂಗಡವಾಗಿದ್ದರು. ಪೋರ್ಚುಗಲ್ ರಾಜನ ಹಕ್ಕಿನ ಕೆಳಗಿನ ಗೋವೆಯ ಮಹಾಧರ್ಮಾಧ್ಯಕ್ಷರ ಮಾತು ಕೇಳಬೇಕೋ, ರೋಮ್ ನೇಮಿಸಿದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೋ ಅವರ ಮಾತು ಕೇಳಬೇಕೋ ಎಂಬ ಜಗಳ ಅದು. ವಾಜ್ ಸ್ವಾಮಿಗಳು ಗೋವೆಯ ಪರವಾಗಿಯೇ ಬಂದವರು. ಆದರೂ ಶಾಂತಿಗಾಗಿ ಪ್ರಯತ್ನಪಟ್ಟರು.

ಅಲ್ಲಿಂದ ಮರಳಿ 1685ರ ಸೆಪ್ಟೆಂಬರ್ 25ರಂದು ಹಳೆ ಗೋವೆಯ ಯಾಜಕರ ಒಂದು ಚಿಕ್ಕ ಬಳಗವನ್ನು ಸೇರಿದರು. ಅವರೆಲ್ಲ ಇಲ್ಲಿನ ಮಣ್ಣಿನ ಮಕ್ಕಳು. ಯುರೋಪಿನ ಧಾರ್ಮಿಕ ಸಭೆಗಳು ಆ ಕಾಲಕ್ಕೆ ಸಾಮಾನ್ಯವಾಗಿ ಭಾರತೀಯರನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಇವರು ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ತಾವೇ ಒಂದು ಒರಟೋರಿ ಕಟ್ಟಿಕೊಂಡಿದ್ದರು. ಬಂದ ವಾಜ್ ಸ್ವಾಮಿಗಳನ್ನೇ ಹಿರಿಯರನ್ನಾಗಿ ಆರಿಸಿದರು. ಬಳಗ ಆಗತಾನೇ ಬೇರೂರುತ್ತಿದೆ, ಒಬ್ಬ ಸಂತನೇ ಹಿರಿಯನಾಗಿ ಸಿಕ್ಕಿದ್ದಾನೆ. ಮರುವರ್ಷವೇ ಅವರು ಹುದ್ದೆ ಬಿಡಲು ಅನುಮತಿ ಪಡೆದು ದ್ವೀಪದ ದಾರಿ ಹಿಡಿದರು. ಉಳಿದವರ ಮನಸ್ಸು ಅಂದು ಹೇಗಿದ್ದಿರಬಹುದು? ತಡವಳದ ಅವ್ವ ಕೇಳಿದ ಪ್ರಶ್ನೆ ಅಲ್ಲೂ ಯಾರ ಬಾಯಲ್ಲಾದರೂ ಬಂದಿರದೆ ಇರುತ್ತದೆಯೇ ಎನಿಸುತ್ತದೆ.

1687ರಲ್ಲಿ ಅವರು ತೂತುಕುಡಿಯ ಕಡೆಯಿಂದ ಕಡಲು ದಾಟಿ ಜಾಫ್ನಾ ಸೇರಿದರು. ಜೊತೆಗಿದ್ದವನು ಸೇವಕ ಜಾನ್ ಒಬ್ಬನೇ. (ಬಾರ್ನಬ ಮತ್ತು ಸೌಲರ ಜೊತೆಗೂ ಒಬ್ಬ ಯೊವಾನ್ನನಿದ್ದನಲ್ಲ! ಅವನು ಅರ್ಧ ದಾರಿಯಲ್ಲಿ ಹಿಂದಿರುಗಿದ, ಈ ಜಾನ್ ಹಿಂದಿರುಗಲಿಲ್ಲ.) ಗುರುಗಳು ಸಿಕ್ಕಿಬಿದ್ದರೆ ಗತಿಯಿಲ್ಲ, ಆದ್ದರಿಂದ ಭಿಕ್ಷುಕನ ವೇಷ. ಪ್ರಯಾಣದಲ್ಲಿ ಅಂಟಿದ ಭೇದಿಯಿಂದ ಸಾಯುವ ಸ್ಥಿತಿ. ಚೇತರಿಸಿಕೊಂಡ ಮೇಲೆ ಕೊರಳಲ್ಲಿ ಜಪಸರ ಹಾಕಿಕೊಂಡು ಮನೆಮನೆಗೆ ಭಿಕ್ಷೆಗೆ ಹೋದರು. ಆ ಜಪಸರ ಕಂಡು ಯಾರ ಮುಖ ಅರಳುತ್ತದೋ ಅವರು ಕಥೋಲಿಕರು ಎಂದು ಗುರುತು ಹಿಡಿಯುವ ಉಪಾಯ ಅದು. ಸುಮಾರು 30 ವರ್ಷ ಪೂಜೆಯನ್ನೇ ಕಾಣದ ಜನ, ರಾತ್ರಿ ಗುಟ್ಟಾಗಿ ಕೂಡಿದರು.

1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂದು ಸೆರೆಯಾಯಿತು. ಹತ್ತಿರ ಹತ್ತಿರ ಹತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರು. ಹಾಗಾದರೆ ಗೋವೆಯ ಬಳಗ ಅವರನ್ನು ಮರೆತಿತ್ತೇ? ಇಲ್ಲ. ಪತ್ರಗಳು ಬರುತ್ತಿದ್ದವು. 1690ರ ದಶಕ ಮುಗಿಯುವ ಮೊದಲೇ ಅದೇ ಒರಟೋರಿಯಿಂದ ಜೋಸೆಫ್ ದೆ ಮೆನೆಜಿಸ್, ಜೋಸೆಫ್ ಕರ್ವಾಲೊ ಸ್ವಾಮಿಗಳು ಬಂದರು. 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ ಜನ ರೋಗಿಗಳನ್ನು ಬಿಟ್ಟು ಓಡಿದಾಗ ವಾಜ್ ಮತ್ತು ಕರ್ವಾಲೊ ಅವರ ಆರೈಕೆಗೆ ನಿಂತರು. 1705ರಲ್ಲಿ ಬಂದ ಜಾಕೋಮೆ ಗೊನ್ಸಾಲ್ವಿಸ್ ಸ್ವಾಮಿಗಳು ಸಿಂಹಳ ಮತ್ತು ತಮಿಳಿನಲ್ಲಿ ಪುಸ್ತಕಗಳನ್ನೇ ಬರೆದರು. ಪೋರ್ಚುಗಲ್ ಸರ್ಕಾರ 1830ರ ದಶಕದಲ್ಲಿ ಧಾರ್ಮಿಕ ಸಭೆಗಳನ್ನು ಮುಚ್ಚುವ ತನಕ ಗೋವೆಯ ಆ ಒರಟೋರಿ ಉಳಿಯಿತು. ಹಿರಿಯರನ್ನು ಕಳೆದುಕೊಂಡ ಮೇಲೂ ಸುಮಾರು ಒಂದೂವರೆ ಶತಮಾನ!

ವಾಜ್ ಸ್ವಾಮಿಗಳು ಮಾತ್ರ ಗೋವೆಗೆ ಮರಳಲಿಲ್ಲ. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಅವರು ಕೊಲಂಬೊದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಈಗ ಹದಿನೈದನೆಯ ಅಧ್ಯಾಯಕ್ಕೆ ಬನ್ನಿ. ಎಲ್ಲ ಬೀಳ್ಕೊಡುಗೆಯೂ ಪ್ರಾರ್ಥನೆ ಮಾಡಿ, ಕೈಯಿಟ್ಟು ಆಗುವುದಿಲ್ಲ. ಬಾರ್ನಬನಿಗೆ ಮಾರ್ಕನನ್ನು ಮತ್ತೆ ಕರೆದೊಯ್ಯುವ ಆಸೆ. ನಡುವೆ ಬಿಟ್ಟು ಹೋದವನು ಬೇಡ ಎಂದು ಪೌಲನ ಹಟ. ಮಾತಿಗೆ ಮಾತು ಬೆಳೆದು ಇಬ್ಬರೂ ಬೇರೆಯಾದರು. ಬಾರ್ನಬ ಮಾರ್ಕನನ್ನು ಕರೆದುಕೊಂಡು ಮತ್ತೆ ಸೈಪ್ರಸ್ ದ್ವೀಪಕ್ಕೆ ಹಡಗು ಹತ್ತಿದ. ಪೌಲ ಸೀಲನನ್ನು ಕರೆದುಕೊಂಡು ಸಿರಿಯ, ಸಿಲಿಸಿಯಗಳ ದಾರಿ ಹಿಡಿದ. ಯಾರದು ಸರಿ ಎಂದು ಲೂಕ ತೀರ್ಪು ಕೊಡುವುದಿಲ್ಲ. ಜಗಳವನ್ನು ಮುಚ್ಚಿಡುವುದೂ ಇಲ್ಲ. ಆ ಹಡಗಿನ ನಂತರ ಪ್ರೇಷಿತರ ಕಾರ್ಯಕಲಾಪಗಳಲ್ಲಿ ಬಾರ್ನಬನ ಹೆಸರೇ ಬರುವುದಿಲ್ಲ. ನಮ್ಮನ್ನು ಕೇಳಿದರೆ ನಾವು ಬಾರ್ನಬನ ಕಡೆ. ಒಮ್ಮೆ ತಪ್ಪಿದ ಹುಡುಗನಿಗೆ ಇನ್ನೊಂದು ಅವಕಾಶ ಕೊಟ್ಟವನು ಅವನು. ಮುಂದೆ ಪೌಲನೇ ಸೆರೆಮನೆಯಿಂದ ಮಾರ್ಕನನ್ನು ಕರೆದುಕೊಂಡು ಬಾ, ಅವನಿಂದ ನನಗೆ ಉಪಯೋಗವಿದೆ ಎಂಬ ಅರ್ಥದಲ್ಲಿ ಬರೆಯಿಸುತ್ತಾನೆ (2 ತಿಮೊಥೇಯ 4:11). ಕೂಟದಲ್ಲಿ ಮನಸ್ತಾಪವಾಗಿ ಮಾತು ಬಿಟ್ಟವರಿದ್ದರೆ ಆ ವಾಕ್ಯವನ್ನು ದಯವಿಟ್ಟು ಎರಡು ಸಲ ಓದಿ.

ಇನ್ನು ಅವ್ವನ ಪ್ರಶ್ನೆ. ಪುಣೆಗೆ ಕೆಲಸಕ್ಕೆ ಹೋಗುವುದೂ ಸೈಪ್ರಸ್ಸಿಗೆ ಹೋಗುವುದೂ ಒಂದೇ ಎಂದು ನಾವು ಹೇಳುವುದಿಲ್ಲ. ನಮ್ಮ ತಮ್ಮ ಹೋಗುತ್ತಿರುವುದು ಸಂಬಳಕ್ಕೆ, ಅದರಲ್ಲಿ ನಾಚಿಕೆಯೂ ಇಲ್ಲ. ವ್ಯತ್ಯಾಸವಿರುವುದು ನಾವು ಕಳುಹಿಸುವ ರೀತಿಯಲ್ಲಿ. ಇಲ್ಲಿಯ ತನಕ ನಮ್ಮಿಂದ ಹೋದವರಲ್ಲಿ ಹೆಚ್ಚಿನವರು ಸುಮ್ಮನೆ ಹೋಗಿದ್ದಾರೆ. ಸೊಲ್ಲಾಪುರ ಸ್ಟೇಷನ್ನಿನಲ್ಲಿ ಹುತಾತ್ಮಾ ಎಕ್ಸ್‌ಪ್ರೆಸ್ ಹತ್ತಿದ ಮೇಲೆ ಅವರ ಹೆಸರು ನಮ್ಮ ಪ್ರಾರ್ಥನೆಯಿಂದಲೂ ಇಳಿದುಹೋಯಿತು. ಅಂತಿಯೋಕ್ಯದವರು ಹಾಗೆ ಬಿಡಲಿಲ್ಲ. ಹೋದವರು ತಿರುಗಿ ಬಂದಾಗ ಇಡೀ ಸಭೆಯನ್ನು ಕೂಡಿಸಿ ನಡೆದದ್ದನ್ನೆಲ್ಲ ಕೇಳಿದರು (14:27). ಮತ್ತೆ ಉಳಿದ ಮೂವರು, ಸಿಮೆಯೋನ, ಲೂಸಿಯ, ಮೆನಹೇನ? ಅವರ ಬಗ್ಗೆ ಲೂಕ ಮುಂದೆ ಒಂದು ಮಾತೂ ಬರೆಯುವುದಿಲ್ಲ. ಆದರೆ ಹೋದವರು ತಿರುಗಿ ಬಂದಾಗ ಅಲ್ಲಿ ಒಂದು ಸಭೆ ಇತ್ತಲ್ಲ, ಅದನ್ನು ಯಾರೋ ನಡೆಸಿಕೊಂಡು ಬಂದಿದ್ದರು.

ಕುಟುಂಬದಲ್ಲಿ ಈ ಭಾಗ ಓದಿದ ಮೇಲೆ ನಿಮ್ಮ ಮನೆಯಿಂದ ಹೊರಗೆ ಹೋದವರ ಹೆಸರುಗಳನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಊರುಬಿಟ್ಟು ಹತ್ತು ವರ್ಷವಾದವರದ್ದೂ ಇರಲಿ. ಅವರು ಇಲ್ಲಿ ಏನು ಮಾಡುತ್ತಿದ್ದರು, ಹಾಡುತ್ತಿದ್ದರೋ, ವಾಚನ ಓದುತ್ತಿದ್ದರೋ, ಪೀಠ ಅಲಂಕರಿಸುತ್ತಿದ್ದರೋ, ಆ ಕೆಲಸ ಈಗ ಯಾರ ಕೈಯಲ್ಲಿದೆ ಎಂಬುದನ್ನೂ ಹೆಸರಿನ ಪಕ್ಕದಲ್ಲಿ ಬರೆಯಿರಿ. ಯಾರ ಕೈಯಲ್ಲೂ ಇಲ್ಲದಿದ್ದರೆ ಜಾಗ ಖಾಲಿ ಬಿಡಿ. ಮುಂದಿನ ಕೂಟದಲ್ಲಿ ತಮ್ಮ ಮತ್ತು ತಂಗಿಯ ತಲೆಯ ಮೇಲೆ ಹಿರಿಯರು ಕೈಯಿಟ್ಟು ಪ್ರಾರ್ಥಿಸುವರು. ಹಾಡಿನ ಪುಸ್ತಕವನ್ನು ತಂಗಿ ಅಂದೇ ಒಪ್ಪಿಸಬೇಕು. ಯಾರಿಗೆ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಜಪಸರ ಎಂದಿನಂತೆ ಸಂಜೆ ಏಳು ಗಂಟೆಗೆ, ಬೈಬಲ್ ಮರೆಯದೆ ತನ್ನಿ.